ಇಷ್ಟೆಲ್ಲ ಬರೆದರೂ ಕಣ್ಣು ಅಜ್ಜಿಯ ಮೇಲೆ ಯಾಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ನಾನು ಅಂಕೋಲಾದವನು. ಚಿತ್ರ ಬರೆಯೋದನ್ನ ಸ್ವಂತವಾಗಿ ಕಲಿತೆ, ಈಗ ಟ್ಯಾಬ್‌ನಲ್ಲಿ ಬರೆಯುತ್ತೇನೆ. ಒಂದು ಪತ್ರಿಕೆಯ ದೀಪಾವಳಿ ಸಂಚಿಕೆಯ ಮುಖಪುಟಕ್ಕೆ ಕಾರವಾರದ ಕಡಲತೀರದಲ್ಲಿ ರಂಪಣಿ ಬಲೆ (ಊರವರೆಲ್ಲ ಸೇರಿ ಸಮುದ್ರದಿಂದ ದಡಕ್ಕೆ ಎಳೆಯುವ ದೊಡ್ಡ ಮೀನು ಬಲೆ) ಎಳೆಯುವ ಸಂಜೆಯ ದೃಶ್ಯ ಬರೆದು ಕಳಿಸಿದ್ದೆ. ಸುಮಾರು ಇಪ್ಪತ್ತು ಜನ ಎರಡು ಸಾಲಿನಲ್ಲಿ ಹಗ್ಗ ಎಳೆಯುತ್ತಿದ್ದಾರೆ. ಎಡಕ್ಕೆ ಮುಳುಗುವ ಸೂರ್ಯ ಮತ್ತು ತೆಂಗಿನಮರ, ಬಲಕ್ಕೆ ದೂರದಲ್ಲಿ ಸದಾಶಿವಗಡದ ಗುಡ್ಡ. ಮುಂದೆ ಬಲಗಡೆ ಖಾಲಿ ಬುಟ್ಟಿ ಹಿಡಿದು ನಿಂತ ಅಜ್ಜಿ. ಆ ಅಜ್ಜಿಯೇ ಚಿತ್ರದ ಜೀವ. ಅವಳನ್ನು ರೂಲ್ ಆಫ್ ಥರ್ಡ್ಸ್ ಪ್ರಕಾರ ಗೆರೆಗಳು ಕೂಡುವಲ್ಲೇ ನಿಲ್ಲಿಸಿದ್ದೇನೆ, ಸೀರೆಗೆ ಕೆಂಪು ಕೊಟ್ಟಿದ್ದೇನೆ. ಆದರೂ ಸಂಪಾದಕರು 'ಚೆನ್ನಾಗಿದೆ, ಆದರೆ ಎಲ್ಲಿ ನೋಡಬೇಕು ಅಂತ ಗೊತ್ತಾಗ್ತಿಲ್ಲ' ಎಂದು ವಾಪಸ್ ಕಳಿಸಿದರು. ಸ್ನೇಹಿತರಲ್ಲಿ ಒಬ್ಬ ಜನರನ್ನು ಕಡಿಮೆ ಮಾಡು ಅಂತಾನೆ, ಇನ್ನೊಬ್ಬ ಹಿನ್ನೆಲೆ ಬ್ಲರ್ ಮಾಡು ಅಂತಾನೆ, ಮತ್ತೊಬ್ಬ ಗೋಲ್ಡನ್ ರೇಶಿಯೋ ಸುರುಳಿ (ಒಂದು ನಿಗದಿತ ಅನುಪಾತದಲ್ಲಿ ಬೆಳೆಯುವ ಸುರುಳಿ ಗೆರೆ) ಇಟ್ಟು ನೋಡು ಅಂತಾನೆ. ಯಾರ ಮಾತು ಕೇಳಲಿ? ಅಥವಾ ನನಗೆ ಕಂಪೋಸಿಷನ್, ಅಂದ್ರೆ ಚಿತ್ರದಲ್ಲಿ ಯಾವುದನ್ನು ಎಲ್ಲಿ ಹೇಗೆ ಇಡಬೇಕು ಅನ್ನೋದು, ಬರೋದೇ ಇಲ್ವಾ? ಚಿತ್ರ ಜೊತೆಗಿದೆ.

ಉತ್ತರ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬರುತ್ತದೆ. ಎಳೆಯುವವರ ಹಿಮ್ಮಡಿ ಮರಳಲ್ಲಿ ಹೂತಿರುವುದು, ಹಗ್ಗದ ಭಾರಕ್ಕೆ ಮೈ ಹಿಂದಕ್ಕೆ ವಾಲಿರುವುದು, ಇದೆಲ್ಲ ತೀರದಲ್ಲಿ ನಿಂತು ನೋಡಿದವರಿಗೆ ಮಾತ್ರ ಬರೆಯಲು ಸಾಧ್ಯ. ಶಿರಸಿಯಲ್ಲಿ ಕೂತು ನಾನು ಪುಸ್ತಕಗಳಿಗೆ ಚಿತ್ರ ಬರೆಯುತ್ತೇನೆ, ಮಕ್ಕಳಿಗೂ ಹೇಳಿಕೊಡುತ್ತೇನೆ. ನೀವು ಹೇಳಿದ ತೊಂದರೆ ವಾರಕ್ಕೊಮ್ಮೆಯಾದರೂ ಯಾರದಾದರೂ ಹಾಳೆಯಲ್ಲಿ ಕಣ್ಣಿಗೆ ಬೀಳುತ್ತದೆ. ಕೈ ಪಳಗಿದವರಲ್ಲೇ ಇದು ಜಾಸ್ತಿ. ಎಲ್ಲವನ್ನೂ ಚೆನ್ನಾಗಿ ಬರೆಯಲು ಬರುತ್ತದೆ, ಹಾಗಾಗಿ ಎಲ್ಲವನ್ನೂ ಚೆನ್ನಾಗಿಯೇ ಬರೆದುಬಿಡುತ್ತಾರೆ.

ನಿಮ್ಮ ಚಿತ್ರ ತೆರೆದ ಕೂಡಲೇ ನನ್ನ ಕಣ್ಣು ಹೋದದ್ದು ಸೂರ್ಯನಿಗೆ. ಅಲ್ಲಿಂದ ತೆಂಗಿನ ಗರಿಗೆ, ಯಾಕೆಂದರೆ ಇಡೀ ಚಿತ್ರದಲ್ಲಿ ಅತಿ ಸೂಕ್ಷ್ಮವಾದ ಕೆಲಸ ಇರುವುದು ಅಲ್ಲಿ. ಆಮೇಲೆ ಹಗ್ಗ ಹಿಡಿದು ಸಮುದ್ರದ ನಡುವಿಗೆ. ಅಲ್ಲಿ ಏನೂ ಇಲ್ಲ, ಬರೀ ನೀರು. ವಾಪಸ್ ಬರುವಾಗ ಸದಾಶಿವಗಡದ ಕಡು ಗುಡ್ಡ. ಅಜ್ಜಿ ಸಿಕ್ಕಿದ್ದು ಇದೆಲ್ಲ ಆದ ಮೇಲೆ. ಬೆಳಕು ಒಂದು ಕಡೆ ಕರೆಯುತ್ತಿದೆ, ಗೆರೆಗಳು ಇನ್ನೊಂದು ಕಡೆ, ಕುಸುರಿ ಮತ್ತೊಂದು ಕಡೆ, ಗಾತ್ರ ಮಗದೊಂದು ಕಡೆ. ಅಜ್ಜಿಯ ಪಾಲಿಗೆ ಉಳಿದದ್ದು ಒಂದು ಕೆಂಪು ಸೀರೆ. ಸಂಪಾದಕರು ಹೇಳಿದ್ದು ಸರಿಯಾಗಿಯೇ ಇದೆ, ಕಾರಣ ಹೇಳಲಿಲ್ಲ ಅಷ್ಟೆ.

ರೂಲ್ ಆಫ್ ಥರ್ಡ್ಸ್ ವಿಷಯಕ್ಕೆ ಬರೋಣ. ಚೌಕಟ್ಟನ್ನು ಒಂಬತ್ತು ಭಾಗ ಮಾಡಿ, ಗೆರೆ ಕೂಡುವಲ್ಲಿ ಮುಖ್ಯ ವಸ್ತು ಇಟ್ಟರೆ ಕಣ್ಣು ತಾನಾಗಿಯೇ ಅಲ್ಲಿಗೆ ಹೋಗುತ್ತದೆ ಅಂತ ನಮಗೆಲ್ಲ ಹೇಳಿಕೊಟ್ಟಿದ್ದಾರೆ. ಹಾಗೆ ಹೋಗುವುದಿಲ್ಲ. 1797ರಲ್ಲಿ ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಕಲಾವಿದ ಈ ಹೆಸರನ್ನು ಬಳಸಿದಾಗ ಮಾತಾಡಿದ್ದು ನಿಸರ್ಗಚಿತ್ರದಲ್ಲಿ ಪಾಲು ಹಂಚುವುದರ ಬಗ್ಗೆ. ಆಕಾಶ ಮತ್ತು ನೆಲ, ಬೆಳಕು ಮತ್ತು ಕತ್ತಲು ಅರ್ಧರ್ಧ ಆದರೆ ಚಿತ್ರ ಸಪ್ಪೆಯಾಗುತ್ತದೆ, ಒಂದಕ್ಕೆ ಮೂರನೇ ಒಂದು, ಇನ್ನೊಂದಕ್ಕೆ ಮೂರನೇ ಎರಡು ಕೊಡಿ ಎಂಬ ಧಾಟಿಯ ಸಲಹೆ ಅದು. ಜಾಗಕ್ಕೆ ತನ್ನದೇ ಆದ ಶಕ್ತಿ ಏನೂ ಇಲ್ಲ. ಒಂದು ಕೆಲಸಕ್ಕೆ ಮಾತ್ರ ಆ ಗೆರೆಗಳು ಒಳ್ಳೆಯವು: ಎಲ್ಲವನ್ನೂ ನಟ್ಟನಡುವೆ ಇಡುವ ಅಭ್ಯಾಸ ಬಿಡಿಸುತ್ತವೆ. ಗೋಲ್ಡನ್ ರೇಶಿಯೋ ಸುರುಳಿಯಂತೂ ನನ್ನ ಲೆಕ್ಕದಲ್ಲಿ ಸಮಯ ಹಾಳು. ಅದನ್ನು ಎಡಕ್ಕೆ ಬಲಕ್ಕೆ ಮೇಲೆ ಕೆಳಗೆ ತಿರುಗಿಸಿ ಇಟ್ಟರೆ ಯಾವ ಚಿತ್ರದಲ್ಲಾದರೂ ಏನೋ ಒಂದು ಅದರ ಮೇಲೆ ಬಂದು ಕೂರುತ್ತದೆ. ಅದರಿಂದ ನಿಮ್ಮ ಅಜ್ಜಿಗೆ ಏನೂ ಸಿಗುವುದಿಲ್ಲ.

ಹಾಗಾದರೆ ಕಣ್ಣು ಹೋಗುವುದು ಎಲ್ಲಿಗೆ? ನಮ್ಮ ಕಣ್ಣಿಗೆ ಒಮ್ಮೆಗೆ ಚೊಕ್ಕವಾಗಿ ಕಾಣುವ ಜಾಗ ತುಂಬ ಚಿಕ್ಕದು. ಕೈ ನೀಳವಾಗಿ ಚಾಚಿ ಹೆಬ್ಬೆರಳ ಉಗುರು ನೋಡಿ, ಹೆಚ್ಚುಕಮ್ಮಿ ಅಷ್ಟೇ ಅಗಲ. ಉಳಿದದ್ದೆಲ್ಲ ಮಸುಕು. ಹಾಗಾಗಿ ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಸಲ ಜಿಗಿಯುತ್ತಲೇ ಇರುತ್ತದೆ, ಮತ್ತು ಮುಂದಿನ ಜಿಗಿತ ಎಲ್ಲಿಗೆ ಎನ್ನುವುದು ಆ ಮಸುಕಿನಲ್ಲಿ ಯಾವುದು ಬೇರೆಯಾಗಿ ಎದ್ದು ಕಾಣುತ್ತದೆ ಎನ್ನುವುದನ್ನು ಬಹಳಮಟ್ಟಿಗೆ ಅವಲಂಬಿಸಿದೆ. ಜೊತೆಗೆ ನಾವು ಏನು ಹುಡುಕುತ್ತಿದ್ದೇವೆ ಎನ್ನುವುದೂ ಸೇರುತ್ತದೆ. ರಷ್ಯಾದ ವಿಜ್ಞಾನಿ ಆಲ್ಫ್ರೆಡ್ ಯಾರ್ಬಸ್ ಕಳೆದ ಶತಮಾನದ ಮಧ್ಯಭಾಗದಲ್ಲಿ ಇದನ್ನು ಅಳೆದು ತೋರಿಸಿದ. ಇಲ್ಯಾ ರೆಪಿನ್ ಬರೆದ ಒಂದು ವರ್ಣಚಿತ್ರ, ಬಹಳ ದಿನದ ಮೇಲೆ ಮನೆಗೆ ಬಂದ ಮನುಷ್ಯನನ್ನು ಮನೆಯವರು ನೋಡುವ ದೃಶ್ಯ. ಅದನ್ನು ತೋರಿಸಿ ಬೇರೆ ಬೇರೆ ಪ್ರಶ್ನೆ ಕೇಳಿದರೆ ಅದೇ ವ್ಯಕ್ತಿಯ ಕಣ್ಣು ಬೇರೆ ಬೇರೆ ದಾರಿ ಹಿಡಿಯುತ್ತಿತ್ತು. ಮುಖಗಳ ಮೇಲೆ ಮಾತ್ರ ಮತ್ತೆ ಮತ್ತೆ ಬಂದು ನಿಲ್ಲುತ್ತಿತ್ತು. 'ನೋಡುಗರ ಕಣ್ಣನ್ನು ನಾನು ಹಾಕಿದ ದಾರಿಯಲ್ಲೇ ನಡೆಸುತ್ತೇನೆ' ಎಂಬ ಆಸೆಯನ್ನು ಅದಕ್ಕೇ ಬಿಟ್ಟುಬಿಡಿ. ಮೊದಲು ಎಲ್ಲಿ ಇಳಿಯಬೇಕು, ಅಲ್ಲಾಡಿ ಬಂದ ಮೇಲೆ ಮತ್ತೆ ಎಲ್ಲಿಗೆ ಮರಳಬೇಕು, ಇಷ್ಟನ್ನು ನೀವು ನಿರ್ಧರಿಸಬಹುದು.

ಇನ್ನು ಕೆಂಪು ಸೀರೆ. ಈಗಲೇ ಒಂದು ಪರೀಕ್ಷೆ ಮಾಡಿ. ಎಲ್ಲಕ್ಕಿಂತ ಮೇಲೆ ಹೊಸ ಲೇಯರ್ ಹಾಕಿ, ಪೂರ್ತಿ ಕಪ್ಪು ತುಂಬಿ, ಅದರ ಬ್ಲೆಂಡ್ ಮೋಡನ್ನು (ಕೆಳಗಿನ ಲೇಯರ್ ಜೊತೆ ಬೆರೆಯುವ ರೀತಿ) 'ಕಲರ್' ಅಂತ ಬದಲಿಸಿ. ಇಡೀ ಚಿತ್ರ ಕಪ್ಪು ಬಿಳುಪಾಗುತ್ತದೆ. ನಾನು ಮಾಡಿ ನೋಡಿದೆ. ಅಜ್ಜಿಯ ಸೀರೆಯ ಬೂದು ಮತ್ತು ಹಿಂದಿನ ಒದ್ದೆ ಮರಳಿನ ಬೂದು ಒಂದೇ ಆಗಿಬಿಟ್ಟಿದೆ. ನಿರಿಗೆಯ ಅಂಚು ಎಲ್ಲಿ ಮುಗಿಯಿತು, ಮರಳು ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ಬುಟ್ಟಿಯೂ ಅದೇ ಬೂದಿನಲ್ಲಿ ಕರಗಿದೆ, ಅವಳ ಬಿಳಿ ಕೂದಲೊಂದು ಗಾಳಿಯಲ್ಲಿ ತೇಲಿದ ಹಾಗೆ ಉಳಿದಿದೆ. ಬಣ್ಣ ಎಷ್ಟೇ ಗಾಢ ಇರಲಿ, ತಿಳಿ-ಕಡು ವ್ಯತ್ಯಾಸ ಇಲ್ಲದಿದ್ದರೆ ದೂರದಿಂದ ಆಕಾರ ಕಾಣುವುದಿಲ್ಲ. ಇನ್ನೊಂದು ವಿಷಯ, ನಿಮ್ಮದು ಸಂಜೆಯ ಚಿತ್ರ, ಎಲ್ಲ ಕಡೆ ಕೇಸರಿ, ಹಳದಿ, ಗುಲಾಬಿ. ಎಳೆಯುವವರಲ್ಲಿ ನಾಲ್ಕೈದು ಜನರ ತಲೆಯ ಟವೆಲ್ಲಿಗೂ ಕೆಂಪು ಕೊಟ್ಟಿದ್ದೀರಿ, ದೋಣಿಯ ಪಟ್ಟಿಯೂ ಕೆಂಪು. ಇಂಥ ಬಿಸಿ ಬಣ್ಣಗಳ ನಡುವೆ ಇನ್ನೊಂದು ಕೆಂಪು ಬೇರೆಯಾಗಿ ಕಾಣುವುದು ಹೇಗೆ? ಅಲ್ಲಿ ಎದ್ದು ಕಾಣುವುದು ತಣ್ಣನೆಯ ಒಂದು ಬಣ್ಣ, ಅದೂ ಒಂದೇ ಕಡೆ ಇದ್ದರೆ.

ತಿಳಿ-ಕಡು ಆಟ ಎಷ್ಟು ದೂರ ಹೋಗುತ್ತದೆ ಅಂತ ನೋಡಬೇಕಿದ್ದರೆ ಒಮ್ಮೆ ಶಿರಸಿಗೆ ಬಂದಾಗ ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರಗಳ ಮುಂದೆ ಸಾವಕಾಶ ನಿಂತುಕೊಳ್ಳಿ. ಅಲ್ಲಿರುವುದು ಎರಡೇ ಬಣ್ಣ. ಬಿಳಿ ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿಯ ಲೇಪ, ಅದನ್ನು ಕೆರೆದರೆ ಒಳಗಿನ ಬಿಳಿ ಹೊರಬರುತ್ತದೆ. ನೆರಳಿಲ್ಲ, ಹತ್ತು ಛಾಯೆಗಳಿಲ್ಲ. ಆದರೂ ಅಂಗಳದ ಆಚೆಯಿಂದಲೇ ಯಾವುದು ಆಕೃತಿ, ಯಾವುದು ಬಳ್ಳಿ, ಯಾವುದು ಬರೀ ಅಂಚು ಅಂತ ಗೊತ್ತಾಗುತ್ತದೆ. ದೊಡ್ಡ ಕೆಂಪು ಹರವನ್ನು ಎಲ್ಲಿ ಮುಟ್ಟದೆ ಬಿಟ್ಟಿದ್ದಾರೆ ನೋಡಿ. ಬಿಟ್ಟ ಜಾಗವೇ ಆಕೃತಿಯನ್ನು ಎತ್ತಿ ಹಿಡಿಯುತ್ತದೆ. ನಿಮ್ಮ ಚಿತ್ರದಲ್ಲಿ ಹಾಗೆ ಬಿಟ್ಟ ಜಾಗ ಒಂದೂ ಇಲ್ಲ ಮಾರಾಯ್ರೇ. ಮರಳಿನ ಮೇಲೂ ಏಡಿ, ಚಿಪ್ಪು, ಹೆಜ್ಜೆ ಗುರುತು ತುಂಬಿಸಿದ್ದೀರಿ.

ಈಗ ನಿಜವಾದ ಕಾರಣಕ್ಕೆ ಬರುತ್ತೇನೆ. ನನಗೆ ಮುಖ್ಯ ಅನಿಸಿದ್ದು ಇದು. ಹಗ್ಗ ಎಳೆಯುವವರ ಮುಖ ಸಮುದ್ರದ ಕಡೆ, ಕೈಗಳು ಸಮುದ್ರದ ಕಡೆ, ಎರಡೂ ಸಾಲಿನ ಹಗ್ಗ ಸಮುದ್ರದಲ್ಲಿ ಒಂದು ಜಾಗಕ್ಕೆ ಹೋಗಿ ಸೇರುತ್ತವೆ. ಇಪ್ಪತ್ತು ಜನ, ನಲವತ್ತು ಕೈ, ಎರಡು ಹಗ್ಗ, ಎಲ್ಲವೂ ಒಂದೇ ಜಾಗವನ್ನು ಬೆರಳು ಮಾಡಿ ತೋರಿಸುತ್ತಿವೆ. ನಿಮ್ಮ ಚಿತ್ರದ ಅತಿ ಬಲವಾದ ಅಂಶ ಅದೇ, ಮತ್ತು ಅದು ರಂಪಣಿಯಿಂದಲೇ ಬಂದ ಬಲ, ನೀವು ತುರುಕಿದ್ದಲ್ಲ. ಆದರೆ ಅಜ್ಜಿಯನ್ನು ಅದರ ದಾರಿಯಿಂದ ಹೊರಗೆ, ಬಲ ಅಂಚಿಗೆ ತಂದು ನಿಲ್ಲಿಸಿದ್ದೀರಿ. ಸಾಲದ್ದಕ್ಕೆ ಅವಳು ನೋಡುತ್ತಿರುವುದು ಚಿತ್ರದ ಆಚೆಗೆ. ಅವಳ ಮುಖ ಕಂಡ ನೋಡುಗ ಅವಳ ನೋಟವನ್ನೇ ಹಿಡಿದು ಪುಟದಿಂದ ಹೊರಗೆ ಹೋಗುತ್ತಾನೆ.

ಯಕ್ಷಗಾನದ ರಂಗಸ್ಥಳದಲ್ಲಿ ನಾಲ್ಕೈದು ವೇಷ ಒಟ್ಟಿಗೆ ಇರುವಾಗ ಹೇಗಿರುತ್ತದೆ ನೆನಪು ಮಾಡಿಕೊಳ್ಳಿ. ಎಲ್ಲರ ಉಡುಗೆಯೂ ಝಗಮಗ, ಯಾರದೂ ಕಮ್ಮಿ ಇಲ್ಲ. ಆದರೂ ಅರ್ಥ ಹೇಳುವವರು ಯಾರು ಅಂತ ಹಿಂದಿನ ಸಾಲಿನವರಿಗೂ ಗೊತ್ತಿರುತ್ತದೆ. ಉಳಿದವರು ಸುಮ್ನೆ ನಿಂತು ಅವರ ಕಡೆ ತಿರುಗಿರುತ್ತಾರೆ. ಮಾತಾಡುವವರ ಕಿರೀಟ ದೊಡ್ಡದು ಮಾಡಿ ಇದನ್ನು ಸಾಧಿಸಿದ್ದಲ್ಲ. ನೀವೂ ಅಜ್ಜಿಗೆ ಇನ್ನೂ ಏನು ಸೇರಿಸಲಿ ಅಂತ ಯೋಚಿಸುವುದನ್ನು ನಿಲ್ಲಿಸಿ. ಉಳಿದವರನ್ನು ಹೇಗೆ ಸುಮ್ಮನಿರಿಸಲಿ, ಅವಳ ಕಡೆ ಹೇಗೆ ತಿರುಗಿಸಲಿ ಅಂತ ಯೋಚಿಸಿ.

ಅದಕ್ಕೂ ಮೊದಲು ಚಿತ್ರ ಏನು ಹೇಳುತ್ತದೆ ಅಂತ ಒಂದು ವಾಕ್ಯ ಬರೆದುಕೊಳ್ಳಿ. 'ರಂಪಣಿ' ಅಂತ ಬರೆದರೆ ಅದು ವಿಷಯ ಅಷ್ಟೆ. 'ಬಲೆ ದಡ ಮುಟ್ಟೋದನ್ನ ಅಜ್ಜಿ ಖಾಲಿ ಬುಟ್ಟಿ ಹಿಡಿದು ಕಾಯುತ್ತಿದ್ದಾಳೆ' ಅಂತ ಬರೆದರೆ ಅದು ಚಿತ್ರ. ಆಗ ಅಜ್ಜಿ ಎಲ್ಲಿ ನೋಡಬೇಕು ಅನ್ನೋದು ತಾನಾಗಿಯೇ ನಿರ್ಧಾರವಾಯಿತು. ಬಲೆಯ ಕಡೆ. ಬುಟ್ಟಿ ಮುಖ್ಯ ಅನ್ನೋದೂ ಗೊತ್ತಾಯಿತು. ಸದಾಶಿವಗಡ ಈ ವಾಕ್ಯದಲ್ಲಿ ಬಂತಾ? ಇಲ್ಲ.

ಗುಡ್ಡದ ಬಗ್ಗೆ ಇನ್ನೂ ಒಂದು ಮಾತು ಇದೆ. ದೀಪಾವಳಿಯ ಸುಮಾರಿಗೆ ಸೂರ್ಯ ಮುಳುಗುವುದು ನೇರ ಪಶ್ಚಿಮಕ್ಕಲ್ಲ, ದಕ್ಷಿಣಕ್ಕೆ ಸರಿದು. ಸದಾಶಿವಗಡ ಇರುವುದು ಕಾಳಿ ನದಿಯ ಆಚೆ, ಕಾರವಾರ ತೀರದಿಂದ ಉತ್ತರಕ್ಕೆ. ನೀರಿನ ಕಡೆ ಮುಖ ಮಾಡಿ ನಿಂತರೆ ಒಂದು ಎಡಕ್ಕೆ, ಒಂದು ಪೂರ್ತಿ ಬಲಕ್ಕೆ, ಕತ್ತು ತಿರುಗಿಸದೆ ಎರಡೂ ಒಟ್ಟಿಗೆ ಸಿಗುವುದಿಲ್ಲ. ಚಿತ್ರಕಾರನಿಗೆ ಇಂಥ ಸ್ವಾತಂತ್ರ್ಯ ಇದೆ, ತಪ್ಪು ಅನ್ನುತ್ತಿಲ್ಲ. ಆದರೆ ಇಲ್ಲದ ಜಾಗಕ್ಕೆ ಎಳೆದು ತಂದ ಗುಡ್ಡ ಅಜ್ಜಿಯ ಜೊತೆಗೇ ಜಗಳಕ್ಕೆ ನಿಂತಿದೆ, ಅದೂ ಅವಳ ಭುಜದ ಹಿಂದೆಯೇ. ತೆಗೆದುಬಿಡಿ. ಕಾರವಾರ ಅಂತ ಗೊತ್ತಾಗಬೇಕು ಅನಿಸಿದರೆ ದೂರದಲ್ಲಿ ಒಂದು ದ್ವೀಪದ ತಿಳಿ ನೆರಳು ಸಾಕು.

ಇನ್ನು ಬೆಳಕು. ಸೂರ್ಯ ಎದುರಿಗಿದ್ದಾನೆ, ನಾವು ದಡದಿಂದ ನೋಡುತ್ತಿದ್ದೇವೆ. ಅಂದರೆ ನಮಗೆ ಕಾಣುವ ಮೈಯೆಲ್ಲ ನೆರಳಲ್ಲಿ ಇರಬೇಕು, ಬೆಳಕು ಅಂಚಿನಲ್ಲಿ ಮಾತ್ರ. ನೀವು ಪ್ರತಿಯೊಬ್ಬರ ಬೆನ್ನಿಗೂ ಮಧ್ಯಾಹ್ನದ ಬಿಸಿಲು ಕೊಟ್ಟಿದ್ದೀರಿ. ಇದನ್ನು ಸರಿಮಾಡಿದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು, ಯಾಕೆಂದರೆ ಎಳೆಯುವವರು ಒಬ್ಬರ ಮೇಲೊಬ್ಬರು ಸೇರಿ ಎರಡು ಕಡು ಗುಂಪಾಗುತ್ತಾರೆ. ಇಪ್ಪತ್ತು ಬಿಡಿ ಆಕೃತಿಗಳ ಬದಲು ಎರಡು ಆಕಾರ. ಜನರನ್ನು ಕಡಿಮೆ ಮಾಡು ಅಂದ ಸ್ನೇಹಿತರ ಮಾತು ನನಗೆ ಒಪ್ಪಿಗೆಯಾಗದ್ದು ಇದಕ್ಕೇ. ಐದಾರು ಜನ ಎಳೆದರೆ ಅದು ರಂಪಣಿ ಅನ್ನಿಸುವುದಿಲ್ಲ, ಊರೇ ಸೇರಿ ಎಳೆಯುವ ಕೆಲಸ ಅದು. ಜನ ಇರಲಿ, ಬಿಡಿಬಿಡಿಯಾಗಿ ಕಾಣುವುದು ನಿಲ್ಲಲಿ. ಗುಂಪಿನ ಒಳಗೆ ಮುಖದ ವಿವರ, ಟವೆಲ್ಲಿನ ಪಟ್ಟಿ ಯಾವುದೂ ಬೇಡ. ಹೊರಗಿನ ಅಂಚಿನಲ್ಲಿ ಒಂದು ಮೊಣಕೈ, ಒಂದು ಬಾಗಿದ ಸೊಂಟ ಚೊಕ್ಕವಾಗಿ ಕಂಡರೆ ಉಳಿದ ಹದಿನೆಂಟು ಜನರನ್ನು ನೋಡುಗರೇ ತುಂಬಿಕೊಳ್ಳುತ್ತಾರೆ.

ಇದರ ಅಪಾಯವನ್ನೂ ಹೇಳಬೇಕು. ಕಷ್ಟಪಟ್ಟು ಬರೆದ ಮುಖಗಳು ಹೋಗುತ್ತವೆ, ಹೊಟ್ಟೆ ಉರಿಯುತ್ತದೆ. ಪೂರ್ತಿ ಕಪ್ಪು ಮಾಡಿಬಿಟ್ಟರೆ ಕ್ಯಾಲೆಂಡರಿನ ಸೂರ್ಯಾಸ್ತದ ಹಾಗೆ ಕಾಣುವ ಭಯವೂ ಇದೆ. ಆ ನೆರಳಿಗೆ ಕಪ್ಪು ಬಳಸಬೇಡಿ. ನೇರಳೆ-ಕಂದಿನ ಒಂದು ಮಧ್ಯಮ ಛಾಯೆ ಹಿಡಿಯಿರಿ, ಒದ್ದೆ ಮರಳಿನಿಂದ ಪ್ರತಿಫಲಿಸಿದ ಬೆಳಕನ್ನು ಕಾಲಿನ ಹತ್ತಿರ ಸ್ವಲ್ಪ ಬಿಡಿ. ಚಿತ್ರದ ಅತಿ ಕಡು ಬಣ್ಣ ಅಜ್ಜಿಗೆ ಮಾತ್ರ ಮೀಸಲು.

ಅಜ್ಜಿಯನ್ನು ಎಲ್ಲಿ ನಿಲ್ಲಿಸುವುದು? ನನ್ನ ಸಲಹೆ, ಎರಡು ಸಾಲಿನ ನಡುವೆ, ಮುಂದಕ್ಕೆ, ಚೌಕಟ್ಟಿನ ನಡುವಿನಿಂದ ಸ್ವಲ್ಪ ಎಡಕ್ಕೆ. ಮುಕ್ಕಾಲು ಬೆನ್ನು ನಮಗೆ, ಮುಖ ಓರೆಯಾಗಿ ಬಲೆಯ ಕಡೆ. ಆಗ ಹಗ್ಗಗಳು ಸೇರುವ ಜಾಗದ ಮೇಲೆಯೇ ಅವಳಿರುತ್ತಾಳೆ, ಇಪ್ಪತ್ತು ಜನರ ಕೈಗಳೂ ಅವಳನ್ನೇ ತೋರಿಸುತ್ತವೆ.

ಒಂದು ತೊಡಕಿದೆ. ಈಗಿನ ಚಿತ್ರದಲ್ಲಿ ದಿಗಂತದ ಗೆರೆ ಅಜ್ಜಿಯ ಕುತ್ತಿಗೆಯನ್ನು ಕತ್ತರಿಸಿದ ಹಾಗೆ ಹಾದುಹೋಗಿದೆ, ಉಳಿದವರ ತಲೆಗಳೂ ಅದೇ ಗೆರೆಯ ಮೇಲೆ ಸಾಲಾಗಿ ಕೂತಿವೆ. ಇದು ನಿಮ್ಮ ಕೈಯ ತಪ್ಪಲ್ಲ. ನಿಂತು ನೋಡಿದರೆ ಸಮತಟ್ಟು ತೀರದಲ್ಲಿ ಹಾಗೇ ಕಾಣುತ್ತದೆ, ನಮ್ಮ ಕಣ್ಣಿನ ಎತ್ತರವೇ ದಿಗಂತದ ಎತ್ತರ, ನಮ್ಮಷ್ಟೇ ಎತ್ತರದವರು ಹತ್ತಿರವಿರಲಿ ದೂರವಿರಲಿ ಅವರ ಕಣ್ಣು ಅದೇ ಗೆರೆಗೆ ಬರುತ್ತದೆ. ಅದಕ್ಕೇ ಮರಳ ಮೇಲೆ ಕೂತು ನೋಡಿದ ಹಾಗೆ ಬರೆಯಿರಿ. ದಿಗಂತ ಎಲ್ಲರ ಸೊಂಟದ ಮಟ್ಟಕ್ಕೆ ಇಳಿಯುತ್ತದೆ. ಹತ್ತಿರದಲ್ಲಿರುವ ಅಜ್ಜಿಯ ತಲೆ ಎಲ್ಲರಿಗಿಂತ ಮೇಲೆ, ಖಾಲಿ ಆಕಾಶಕ್ಕೆ ಹೋಗುತ್ತದೆ. ಸೊಂಟಕ್ಕೆ ಒತ್ತಿ ಹಿಡಿದ ಬುಟ್ಟಿ ಹೊಳೆಯುವ ನೀರಿನ ಎದುರು ಬರುತ್ತದೆ, ಹಗ್ಗಗಳೂ ಅಲ್ಲೇ ಸೇರುತ್ತವೆ. ಬುಟ್ಟಿಯ ಬಾಯಿ ಮಾತ್ರ ದಿಗಂತದ ಗೆರೆಗೆ ಸರಿಯಾಗಿ ತಾಗಬಾರದು. ಒಂದೋ ಸ್ಪಷ್ಟ ಮೇಲೆ, ಇಲ್ಲವೋ ಸ್ಪಷ್ಟ ಕೆಳಗೆ. ಹೀಗೆ ತಾಗಿ ನಿಂತ ಅಂಚುಗಳು ಕಣ್ಣಿಗೆ ಮುಳ್ಳಿನ ಹಾಗೆ, ಹತ್ತಿರದ್ದು ಯಾವುದು ದೂರದ್ದು ಯಾವುದು ಗೊತ್ತಾಗದೆ ಚಪ್ಪಟೆಯಾಗುತ್ತದೆ. ಈಗ ದೋಣಿಯ ಹುಟ್ಟಿನ ತುದಿ ಅಜ್ಜಿಯ ಕಿವಿಗೆ ತಾಗಿರುವುದೂ ಅದೇ ಸಮಸ್ಯೆ.

ಸೂರ್ಯನನ್ನು ಏನು ಮಾಡುವುದು? ಚಿತ್ರದಲ್ಲಿ ಅವನಷ್ಟು ಹೊಳೆಯುವುದು ಇನ್ನೊಂದಿಲ್ಲ, ಅವನು ಇದ್ದಲ್ಲಿ ಕಣ್ಣು ಹೋಗಿಯೇ ಹೋಗುತ್ತದೆ. ಅವನ ಬಿಂಬವನ್ನು ಅಜ್ಜಿಯ ತಲೆಯ ಹಿಂದೆ ಮರೆಮಾಡಿದರೆ ಆ ಹೊಳಪೇ ಅವಳ ಕೂದಲಿಗೆ ಅಂಚು ಕೊಡುತ್ತದೆ. ಆದರೆ ಇದು ಸ್ವಲ್ಪ ಹೆಚ್ಚಾದರೂ ದೇವರ ಪಟದ ಪ್ರಭಾವಳಿ ಆಗಿಬಿಡುತ್ತದೆ, ದುಡಿಯುವ ಅಜ್ಜಿಗೆ ಅದು ಒಪ್ಪುವುದಿಲ್ಲ. ನಾನಾದರೆ ಸೂರ್ಯನನ್ನು ಚೌಕಟ್ಟಿನ ಹೊರಗೆ ಎಡಕ್ಕೆ ಕಳಿಸಿ, ನೀರಿನ ಮೇಲಿನ ಹೊಳಪನ್ನು ಮಾತ್ರ ಉಳಿಸಿಕೊಳ್ಳುತ್ತೇನೆ. ಎಡ ಅಂಚಿನ ತೆಂಗಿನಮರ ಇರಲಿ, ಹೊರಗೆ ಜಾರುವ ಕಣ್ಣನ್ನು ತಡೆಯಲು ಒಳ್ಳೆಯದು. ಗರಿಗಳನ್ನು ಮಾತ್ರ ನಾಲ್ಕು ದೊಡ್ಡ ಹೊಡೆತದಲ್ಲಿ ಮುಗಿಸಿ. ಹಾಗೆಯೇ ಎಲ್ಲ ಕಡೆ ಒಂದೇ ದಪ್ಪದ ಔಟ್‌ಲೈನ್ ಎಳೆದಿದ್ದೀರಿ. ಅಜ್ಜಿಯ ಕೈ, ಬುಟ್ಟಿಯ ಹೆಣಿಗೆ ಇವಕ್ಕೆ ಚೂಪಾದ ಗೆರೆ ಇರಲಿ, ದೂರದವರ ಗೆರೆ ಹಿನ್ನೆಲೆಯಲ್ಲಿ ಅಲ್ಲಲ್ಲಿ ಕರಗಲಿ.

ಇಷ್ಟೆಲ್ಲ ಬೇಡ, ಸಮಯ ಇಲ್ಲ ಅಂದರೆ ಈಗಿರುವ ಚಿತ್ರವನ್ನೇ ಕ್ರಾಪ್ ಮಾಡಿ ಅಜ್ಜಿ ಮತ್ತು ಬಲ ಸಾಲು ಮಾತ್ರ ಉಳಿಸಬಹುದು. ಒಂದು ಗಂಟೆಯ ಕೆಲಸ. ಆದರೆ ಎರಡು ಸಾಲು ಸೇರುವ ಬಲ ಹೋಗುತ್ತದೆ, ಅವಳ ನೋಟ ಹೊರಗೇ ಉಳಿಯುತ್ತದೆ, ಟ್ಯಾಬ್‌ನಲ್ಲಿ ಬರೆದ ಫೈಲ್ ಆದ್ದರಿಂದ ಮುಖಪುಟದ ಅಳತೆಗೆ ಹಿಗ್ಗಿಸಿದಾಗ ಗೆರೆ ಒಡೆಯಲೂಬಹುದು. ಬ್ಲರ್ ಅಂತೂ ನಿಮ್ಮ ಶೈಲಿಗೆ ಹೊಂದುವುದಿಲ್ಲ. ಅದು ಕ್ಯಾಮೆರಾ ಲೆನ್ಸಿನ ಗುಣ. ಗೆರೆಯಲ್ಲಿ ಬರೆದ ಚಿತ್ರದ ಹಿನ್ನೆಲೆ ಮಾತ್ರ ಮಸುಕಾದರೆ ಎರಡು ಬೇರೆ ಚಿತ್ರ ಅಂಟಿಸಿದ ಹಾಗೆ ಕಾಣುತ್ತದೆ, ಮತ್ತು ಮಸುಕಾದ ಮೇಲೂ ಆ ಕಡು ಗುಡ್ಡ ಕಡುವಾಗಿಯೇ ಇರುತ್ತದೆ.

ಅಜ್ಜಿಯನ್ನು ಬಿಟ್ಟು ದಡಕ್ಕೆ ಬಂದ ಬಲೆಯನ್ನೇ ಮುಖ್ಯ ಮಾಡುವ ದಾರಿಯೂ ಇದೆ, ಬಂಗಡೆ ತಾರ್ಲೆ ಮೀನು ಮಿಂಚುತ್ತ ಬಿದ್ದಿರುವ ಕ್ಷಣ. ಸುಲಭದಲ್ಲಿ ಕಣ್ಣು ಸೆಳೆಯುತ್ತದೆ. ಆದರೆ ಅದು ನಿಮ್ಮ ಕತೆಯಲ್ಲ ಅಂತ ನಿಮ್ಮ ಪತ್ರ ಓದಿದಾಗಲೇ ಅನಿಸಿತು.

ಶುರು ಮಾಡುವಾಗ ಟ್ಯಾಬ್ ಬದಿಗಿಡಿ. ಬೆಂಕಿಪೊಟ್ಟಣದ ಅಳತೆಯ ಏಳೆಂಟು ಚೌಕ ಹಾಕಿ, ದಪ್ಪ ಮಾರ್ಕರ್ ಹಿಡಿದು ಬಿಳಿ, ಬೂದು, ಕಪ್ಪು ಮೂರೇ ಛಾಯೆಯಲ್ಲಿ ಬರೆಯಿರಿ. ಮೂಗು ಕಣ್ಣು ಬರೆಯಲು ಜಾಗವೇ ಇರುವುದಿಲ್ಲ, ಅದೇ ಒಳ್ಳೆಯದು. ಪತ್ರಿಕೆಯ ಹೆಸರು ಬರುವ ಮೇಲಿನ ಪಟ್ಟಿಯನ್ನು ಪ್ರತಿ ಚೌಕದಲ್ಲೂ ಗುರುತು ಮಾಡಿ, ಅಜ್ಜಿಯ ತಲೆ ಅದಕ್ಕೆ ಸಿಕ್ಕಿಕೊಳ್ಳಬಾರದು. ಅವುಗಳನ್ನು ಗೋಡೆಗೆ ಅಂಟಿಸಿ ಕೋಣೆಯ ಆ ತುದಿಯಿಂದ ಕಣ್ಣು ಕಿರಿದು ಮಾಡಿ ನೋಡಿ. ಅಜ್ಜಿ ಮೊದಲು ಕಂಡ ಎರಡು ಮೂರನ್ನು ಫೋಟೋ ತೆಗೆದು ಸಂಪಾದಕರಿಗೆ ಕಳಿಸಿ, ಅವರು ಒಂದನ್ನು ಆರಿಸಿದ ಮೇಲೆ ಬಣ್ಣಕ್ಕೆ ಹೋಗಿ. ಬಣ್ಣ ಮುಗಿಸುವ ಮೊದಲು ಮುದ್ರಣದ ಸಿಎಂವೈಕೆಗೆ (ನಾಲ್ಕು ಶಾಯಿಗಳ ಬಣ್ಣ ಕ್ರಮಕ್ಕೆ) ಬದಲಿಸಿ ಒಮ್ಮೆ ನೋಡಿ. ಪರದೆಯಲ್ಲಿ ಉರಿಯುವ ಕೇಸರಿ ಕಾಗದದಲ್ಲಿ ಮಂಕಾಗುತ್ತದೆ, ಕಡು ಭಾಗಗಳು ಇನ್ನೂ ಕಡುವಾಗುತ್ತವೆ. ಆದ್ದರಿಂದ ಎಳೆಯುವವರ ನೆರಳನ್ನು ನಿಮಗೆ ಸರಿ ಅನಿಸಿದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾಗಿಯೇ ಇಡಿ. ನಾಲ್ಕೂ ಅಂಚಿಗೆ ಕತ್ತರಿಸಲು 3 ಮಿ.ಮೀ. ಹೆಚ್ಚುವರಿ ಬಿಡಿ. ಹಳೆಯ ಫೈಲನ್ನು ಲೇಯರ್ ಸಮೇತ ಹಾಗೇ ಇಟ್ಟುಕೊಳ್ಳಿ, ಆ ಹದಿನೆಂಟು ಮುಖಗಳು ಸಂಚಿಕೆಯ ಒಳಪುಟಗಳಲ್ಲಿ ಬಿಡಿಯಾಗಿ ಬಳಕೆಗೆ ಬರಬಹುದು. ಅದನ್ನೂ ಸಂಪಾದಕರ ಹತ್ತಿರ ಕೇಳಿ ನೋಡಿ.